ಹಿಟ್ಟು ಕಣ್ಣು ಬಿಡುವವರೆಗೆ

ಕಿರುನಾದಲ್ಲಿ ನಾವು ಬಂದಿಳಿದದ್ದು ಅಕ್ಟೋಬರಿನಲ್ಲಿ.
ನವೆಂಬರ್ ಮುಗಿಯುವ ಹೊತ್ತಿಗೆ ಅಪ್ಪನಿಗೆ ಬರುತ್ತಿದ್ದ ಸ್ವೀಡಿಷ್ ಪದ
ಒಟ್ಟು ಹದಿನಾಲ್ಕು, ಅದರಲ್ಲಿ ಐದು ಹಿಮದವು.
ಮಿಕ್ಕವು ಕ್ಷಮಿಸಿ, ಉಪಕಾರವಾಯಿತು, ಸಹಿ ಎಲ್ಲಿ ಹಾಕಲಿ.

ಮಳೆಯಾದರೆ ಬರುವ ಮುಂಚೆ ತಗಡು ಬಡಿಯುತ್ತದೆ,
ಇದಕ್ಕೆ ಆ ಮರ್ಯಾದೆಯೂ ಇಲ್ಲ, ಅಂದಳು ಅಮ್ಮ.
ರಾತ್ರಿ ಮಲಗುವಾಗ ಇದ್ದ ಸೈಕಲ್ಲು, ಬೆಂಚು, ಕಸದ ಡಬ್ಬಿ
ಬೆಳಿಗ್ಗೆದ್ದರೆ ಒಂದೂ ಇಲ್ಲ.

ಕೆರೆನ್‌ನಿಂದ ಅಜ್ಜಿ ಫೋನು ಮಾಡಿ ಕೇಳಿದಳು:
ಹೇಗಿರುತ್ತದೋ ಅದು?
ಹತ್ತಿಯ ಹಾಗೆ, ಅಂದ ಅಪ್ಪ.
ಹಾಗಿದ್ದರೆ ನೂತು, ನನಗೊಂದು ಶಾಲು ನೇಯಿಸಿ ಕಳಿಸು.
ಲೈನು ಕಟ್ಟಾಗುವವರೆಗೂ ಇಬ್ಬರೂ ನಕ್ಕರು.
ಆಮೇಲೂ ಬಹಳ ಹೊತ್ತು
ಅಪ್ಪ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಡಿಸೆಂಬರ್ ಹತ್ತರಿಂದ ಸೂರ್ಯನಿಗೆ ರಜೆ.
ಶಾಲೆಯಲ್ಲಿ ಮೊದಲೇ ಹೇಳಿ ಚೀಟಿ ಕೊಟ್ಟಿದ್ದರು.
ಹನ್ನೊಂದು ವರ್ಷದ ನಾನು ಮನೆಗೆ ದುಭಾಷಿ,
ಕರೆಂಟು ಬಿಲ್ಲು, ಡಾಕ್ಟರ ಪತ್ರ, ಮಹಡಿಯವರ ದೂರು
ಎಲ್ಲವೂ ನನ್ನ ಬಾಯಿಯಿಂದಲೇ ಒಳಗೆ ಬರಬೇಕು.
ಆ ಚೀಟಿ ಮಾತ್ರ ಬ್ಯಾಗಿನ ತಳದಲ್ಲೇ ಉಳಿಯಿತು.
ಬೆಳಗಾಗುವುದಿಲ್ಲ ಅಂತ ಅವಳಿಗೆ ಹೇಗೆ ಓದಿ ಹೇಳಲಿ,
ಅಮ್ಮನ ಹೆಸರು ಅಬ್ರೆಹೆತ್,
ಬೆಳಗಿದಳು ಅಂತ ಅದರ ಅರ್ಥ.

ಅದೇ ವಾರ ಹಿಟ್ಟೂ ಮುಷ್ಕರ ಹೂಡಿತು.
ಸ್ಟಾಕ್‌ಹೋಮಿನಿಂದ ಪಾರ್ಸೆಲ್ ಬಂದ ಎರಡು ಕೇಜಿ ಟೆಫ್,
ಕಲಸಿಟ್ಟ ಮೊದಲ ದಿನ ಸುಮ್ಮನಿತ್ತು.
ಎರಡನೆಯ ದಿನವೂ.
ಮೂರನೆಯ ದಿನ ಮುಚ್ಚಳ ತೆಗೆದು ಮೂಸಿ
ಇದಕ್ಕೆ ಈ ಊರು ಒಗ್ಗಲಿಲ್ಲ ಅಂದಳು.
ನಾವು ಮೂವರೂ ನಮ್ಮ ನಮ್ಮ ಕಾಲುಚೀಲ ನೋಡಿಕೊಂಡೆವು.

ಅಪ್ಪ ತನ್ನ ನೀಲಿ ಜಾಕೆಟ್ಟನ್ನು ಬಕೆಟ್ಟಿಗೆ ತೊಡಿಸಿದ,
ಜಿಪ್ಪು ಎಳೆದು, ತೋಳುಗಳನ್ನು ಮುಂದಕ್ಕೆ ತಂದು ಗಂಟು ಹಾಕಿ,
ತಾನು ಎರಡು ಸ್ವೆಟರು, ಮೇಲೆ ಅಮ್ಮನ ಕೋಟು ಹಾಕಿಕೊಂಡು
ಹಿಮ ಗೋರುವ ಪಾಳಿಗೆ ಹೋದ.
ತಮ್ಮ ಫಿಲ್ಮೋನ್ ಟೊಪ್ಪಿ ತಂದು ಮುಚ್ಚಳಕ್ಕಿಟ್ಟ.
ಹೀಟರಿನ ಪಕ್ಕ ಅದು ಕುಳಿತಿತ್ತು,
ಕೈಕಟ್ಟಿಕೊಂಡ ಕುಳ್ಳ ನೆಂಟನ ಹಾಗೆ.

ಕೆಳಮನೆಯ ಗುನ್ವರ್ ಯಾವುದೋ ಕಾಗದ ಕೊಡಲು ಬಂದವಳು
ಬಕೆಟ್ಟು ನೋಡಿದಳು. ನಗಲಿಲ್ಲ.
ಕದಿಯುತ್ತದೆ, ಅಂದಳು.
ನಾನು ಅಷ್ಟನ್ನೇ ಅನುವಾದಿಸಿದೆ.
ನಾವೇನು ಕದ್ದೆವು ಅಂತ ಅಮ್ಮ ಸೆಟೆದು ನಿಂತಳು.
ಮುದುಕಿ ಕಾಲಿನಿಂದ ನೆಲ ಕುಟ್ಟಿ ಕುಟ್ಟಿ ತೋರಿಸಿದಳು:
ನೆಲ, ನೆಲ ಕದಿಯುತ್ತದೆ ಬಿಸಿಯನ್ನು.
ಕೆಳಗಿಳಿದು ಹೋಗಿ ಹಿಮಸಾರಂಗದ ಒಂದು ತೊಗಲು ತಂದು
ಬಕೆಟ್ಟಿನಡಿ ಹಾಸಿದಳು,
ಅವಳ ತೀರಿಹೋದ ಗಂಡ ಮೀನು ಹಿಡಿಯುವಾಗ
ಮಂಜುಗಡ್ಡೆಯ ಮೇಲೆ ಹಾಕಿ ಕೂರುತ್ತಿದ್ದುದಂತೆ.

ಐದನೆಯ ರಾತ್ರಿಯೋ ಬೆಳಗೋ,
ಹೊರಗೆ ನೋಡಿ ತಿಳಿಯುವಂತಿರಲಿಲ್ಲ,
ಅಮ್ಮ ನಮ್ಮನ್ನು ತಟ್ಟಿ ಎಬ್ಬಿಸಿದಳು.
ಮನೆಯೆಲ್ಲ ಹುಳಿ ವಾಸನೆ.
ಕಾದ ಹೆಂಚಿನ ಮೇಲೆ ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಯ್ದಳು.
ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಪುಟ್ಟ ಪುಟ್ಟ ತೂತುಗಳು, ಹತ್ತು, ನೂರು.
ತೈತಾದ ತೂತಿಗೆ ನಮ್ಮಲ್ಲಿ ಕಣ್ಣು ಅನ್ನುತ್ತಾರೆ.
ಬಿಟ್ಟಿತು, ಕಣ್ಣು ಬಿಟ್ಟಿತು, ಅಂತ ಫಿಲ್ಮೋನ್ ಕಿರುಚಿದ್ದಕ್ಕೆ
ಮಹಡಿಯವರು ಮತ್ತೆ ದೂರು ಬರೆದರು.

ಮೊದಲ ತುತ್ತು ಶಿರೋದಲ್ಲಿ ಅದ್ದಿ
ಗುನ್ವರ್ ಬಾಯಿಗೆ ಅಮ್ಮನೇ ಇಟ್ಟಳು.
ಕಟ್ಟಿಸಿದ ಹಲ್ಲಿನಲ್ಲಿ ನಿಧಾನ ಅಗಿದು, ಕಣ್ಣು ಕಿರಿದು ಮಾಡಿ,
ಸೂರ್, ಅಂದಳು. ಹುಳಿ.
ಹುಬ್ಬಿನ ಮಂಜು ಇನ್ನೂ ಕರಗದ ಅಪ್ಪ ತಿರುಗಿ ಹೇಳಿದ: ಸೂರ್.
ಹದಿನೈದನೆಯ ಪದ.

ಜನವರಿಯಲ್ಲಿ ಸೂರ್ಯ ಬರುವ ದಿನ
ಟೀಚರು ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು.
ಮೋಡ. ಏನೂ ಕಾಣಲಿಲ್ಲ.
ಆದರೂ ಚಪ್ಪಾಳೆ ತಟ್ಟಿ ಒಳಗೆ ಹೋದೆವು.

ಚಳಿಗಾಲವಿಡೀ ಅಪ್ಪನ ಜಾಕೆಟ್ಟು ಹುಳಿ ನಾರುತ್ತಿತ್ತು,
ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ.
ಒಗೆಯಲು ಮಾತ್ರ ಕೊಡಲಿಲ್ಲ.

ಚೀಟಿ ಸಿಕ್ಕಿದ್ದು ಮೇ ಕೊನೆಯಲ್ಲಿ,
ನಡುರಾತ್ರಿಯಲ್ಲೂ ಬಿಸಿಲು ಗೋಡೆ ಬಿಡದಿದ್ದಾಗ.
ಅಮ್ಮನಿಗೆ ಓದಿ ಹೇಳಿದೆ.
ಗೊತ್ತಿತ್ತು ಬಿಡೇ, ಅಂದಳು,
ಕಿಟಕಿಗೆ ಕಪ್ಪು ಪರದೆ ಹೊಡೆಯುತ್ತ
ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು.